ಕುರ್ಚಿ ಹೆಚ್ಚಿದರೆ ಊಟ ಹೆಚ್ಚುವುದೇ?

ಮಧ್ಯಾಹ್ನ ಒಂದೂವರೆ ಗಂಟೆ. ಹಸಿದು ಹೋಟೆಲೊಂದರ ಒಳಗೆ ಕಾಲಿಟ್ಟಿದ್ದೀರಿ. ಮೊದಲ ನೋಟಕ್ಕೆ ಎಲ್ಲ ಮೇಜುಗಳೂ ಭರ್ತಿ. ಸ್ವಲ್ಪ ಗಮನವಿಟ್ಟು ನೋಡಿ. ನಾಲ್ಕು ಜನರ ಮೇಜಿನಲ್ಲಿ ಒಬ್ಬರೇ ಕುಳಿತು ದಿನಪತ್ರಿಕೆ ಓದುತ್ತ ಊಟಕ್ಕೆ ಕಾಯುತ್ತಿದ್ದಾರೆ. ಪಕ್ಕದ ಮೇಜಿನಲ್ಲಿ ಇಬ್ಬರಿದ್ದಾರೆ. ಉಳಿದೆರಡು ಕುರ್ಚಿಗಳ ಮೇಲೆ ಅವರ ಚೀಲಗಳು ಕುಳಿತಿವೆ. ಎಣಿಸಿದರೆ ಕುರ್ಚಿಗಳಲ್ಲಿ ಅರ್ಧದಷ್ಟು ಖಾಲಿ. ಆದರೂ ನೀವು ಬಾಗಿಲಲ್ಲೇ ನಿಂತಿದ್ದೀರಿ.

ಗಲ್ಲಾದಲ್ಲಿ ಕುಳಿತ ಮಾಲೀಕರಿಗೆ ಬಾಗಿಲಲ್ಲಿ ನಿಂತವರು ಕಾಣುತ್ತಾರೆ, ಖಾಲಿ ಕುರ್ಚಿಗಳು ಕಾಣುವುದಿಲ್ಲ. ಅವರ ತೀರ್ಮಾನ ಸರಳ: "ಇನ್ನೂ ಮೂರು ಮೇಜು ಹಾಕಿಸಬೇಕು." ಸಾಲ ಮಾಡಿ ಹಾಕಿಸುತ್ತಾರೆ ಕೂಡ. ಈ ತೀರ್ಮಾನ ಸರಿಯೇ? ಇದಕ್ಕೆ ಉತ್ತರ ಕೊಡಲು ಪ್ರೌಢಶಾಲೆಯ ಗಣಿತ, ಒಂದು ಅಳತೆಪಟ್ಟಿ, ಒಂದಿಷ್ಟು ಭೌತವಿಜ್ಞಾನ ಸಾಕು. ಬನ್ನಿ, ಲೆಕ್ಕ ಹಾಕಿ ನೋಡೋಣ.

ದೇಹದಿಂದ ಆರಂಭ

ಪೀಠೋಪಕರಣದ ಅಳತೆ ಮರದಿಂದ ಹುಟ್ಟುವುದಿಲ್ಲ, ಮೈಯಿಂದ ಹುಟ್ಟುತ್ತದೆ. ಕುರ್ಚಿಯ ಎತ್ತರ ಸುಮಾರು 45 ಸೆಂ.ಮೀ. ಇರಲು ಕಾರಣ ನಮ್ಮ ಮೊಣಕಾಲು. ಪಾದ ನೆಲಕ್ಕೆ ಊರಿದಾಗ ತೊಡೆ ಹೆಚ್ಚುಕಡಿಮೆ ಸಮತಲದಲ್ಲಿರಬೇಕು. ಮೇಜಿನ ಎತ್ತರ ಅದಕ್ಕಿಂತ 30 ಸೆಂ.ಮೀ. ಹೆಚ್ಚು, ಅಂದರೆ 75 ಸೆಂ.ಮೀ. ಈ ಮೂವತ್ತರೊಳಗೆ ತೊಡೆಯೂ ಹಿಡಿಯಬೇಕು, ಮೇಜಿನ ಹಲಗೆಯ ದಪ್ಪವೂ ಹಿಡಿಯಬೇಕು. ಹಲಗೆಯ ಕೆಳಗೆ ದಪ್ಪ ಪಟ್ಟಿ ಬಡಿದ ಮೇಜುಗಳಲ್ಲಿ ಮೊಣಕಾಲಿಗೆ ಪೆಟ್ಟು ಬೀಳುವುದು ಇದೇ ಲೆಕ್ಕ ತಪ್ಪಿದ್ದರಿಂದ. ಅಕ್ಕಪಕ್ಕ ಕುಳಿತವರ ಮೊಣಕೈಗಳು ತಾಗದಿರಲು ಒಬ್ಬೊಬ್ಬರಿಗೆ 60 ಸೆಂ.ಮೀ. ಅಗಲ ಬೇಕು. ಇನ್ನು ಮೇಜಿನ ಅಂಚಿನಿಂದ ಹಿಂದಕ್ಕೆ, ಕುಳಿತ ವ್ಯಕ್ತಿ ಮತ್ತು ಕುರ್ಚಿಯ ಬೆನ್ನು ಸೇರಿ ಸುಮಾರು 45 ಸೆಂ.ಮೀ. ಆಕ್ರಮಿಸುತ್ತವೆ.

ಇವೆಲ್ಲ ಸರಾಸರಿ ಅಳತೆಗಳಲ್ಲವೇ ಎಂದು ಕೇಳಬಹುದು. ವಿನ್ಯಾಸಕಾರರು ಸರಾಸರಿಯನ್ನು ಹೆಚ್ಚು ನಂಬುವುದಿಲ್ಲ. ಸರಾಸರಿ ಎತ್ತರಕ್ಕೆ ಬಾಗಿಲು ಮಾಡಿದರೆ ಅರ್ಧದಷ್ಟು ಜನ ತಲೆ ಬಗ್ಗಿಸಬೇಕಾಗುತ್ತದೆ! ಕುರ್ಚಿಯ ಎತ್ತರವನ್ನು ಗಿಡ್ಡ ಕಾಲಿನವರನ್ನು ನೆನಪಿನಲ್ಲಿಟ್ಟು ನಿರ್ಧರಿಸಬೇಕು, ಇಲ್ಲವಾದರೆ ಅವರ ಪಾದ ತೂಗಾಡುತ್ತದೆ. ಓಡಾಡುವ ಜಾಗದ ಅಗಲವನ್ನಾದರೋ ದೊಡ್ಡ ಮೈಯವರನ್ನು ನೋಡಿ ನಿರ್ಧರಿಸಬೇಕು. ಇದಕ್ಕಾಗಿ ನೂರು ಜನರನ್ನು ಅಳತೆಯ ಕ್ರಮದಲ್ಲಿ ನಿಲ್ಲಿಸಿದರೆ ಐದನೆಯವರು ಯಾರು, ತೊಂಬತ್ತೈದನೆಯವರು ಯಾರು ಎಂದು ನೋಡುವುದು ರೂಢಿ. ಹೊರದೇಶದ ಪಟ್ಟಿಗಳು ನಮ್ಮವರಿಗೆ ಒಗ್ಗುವುದಿಲ್ಲವೆಂಬ ಕೊರತೆ ಬಹುಕಾಲ ಇತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿದ ದೇಬಕುಮಾರ್ ಚಕ್ರವರ್ತಿ ಅವರ ಗ್ರಂಥ ಭಾರತೀಯರ ದೇಹದ ಅಳತೆಗಳನ್ನು ಹೀಗೆ ವಿಂಗಡಿಸಿ ಕೊಟ್ಟಿತು.

ಒಂದು ಹಾಲ್, ಎರಡು ಜೋಡಣೆ

9 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಹಾಲ್ ಇದೆ ಎಂದುಕೊಳ್ಳಿ. ಒಂದು ತುದಿಯಲ್ಲಿ ಬೀದಿಯ ಬಾಗಿಲು, ಇನ್ನೊಂದು ತುದಿಯಲ್ಲಿ ಅಡುಗೆಮನೆ. ಮುಂದಿನ ಒಂದೂವರೆ ಮೀಟರ್ ಗಲ್ಲಾಕ್ಕೆ ಮತ್ತು ಕಾಯುವವರಿಗೆ. ಹಿಂದಿನ ಒಂದೂವರೆ ಮೀಟರ್ ಕೈತೊಳೆಯುವ ಬೇಸಿನ್‌ಗೆ, ನೀರಿನ ಲೋಟ-ತಟ್ಟೆಗಳಿಡುವ ಕಟ್ಟೆಗೆ. ಮೇಜು ಹಾಕಲು ಉಳಿಯುವುದು 6 ಮೀಟರ್ × 6 ಮೀಟರ್.

ನಾಲ್ವರ ಮೇಜು 120 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ. ಉದ್ದದ ಬದಿಗಳಲ್ಲಿ ಇಬ್ಬಿಬ್ಬರು ಎದುರುಬದುರಾಗಿ ಕೂರುತ್ತಾರೆ. ಕುರ್ಚಿಗಳನ್ನು ಸೇರಿಸಿದರೆ ಇದರ ಆಳ 45 + 75 + 45 = 165 ಸೆಂ.ಮೀ. ಮೇಜಿನ ಉದ್ದವು ಹಾಲಿನ ಅಗಲಕ್ಕೆ ಸಮಾಂತರವಾಗಿರುವಂತೆ ಮೂರು ಸಾಲು ಹಾಕೋಣ: ಎಡಗೋಡೆಗೆ ತಾಗಿ ಒಂದು, ನಡುವೆ ಒಂದು, ಬಲಗೋಡೆಗೆ ತಾಗಿ ಒಂದು. ಮೂರು ಮೇಜುಗಳಿಗೆ 360 ಸೆಂ.ಮೀ. ಹೋಗಿ, ಎರಡು ಓಣಿಗಳಿಗೆ 120 ಸೆಂ.ಮೀ.ನಂತೆ ಉಳಿಯಿತು. ಉದ್ದಕ್ಕೆ ಮೂರು ಮೇಜುಗಳು 495 ಸೆಂ.ಮೀ. ಹಿಡಿಯುತ್ತವೆ. ಉಳಿದ 105 ಸೆಂ.ಮೀ.ನಲ್ಲಿ ಬೆನ್ನಿಗೆ ಬೆನ್ನಾದ ಕುರ್ಚಿಗಳ ನಡುವೆ ಐವತ್ತೆರಡು ಸೆಂ.ಮೀ.ನಷ್ಟು ಸಂದು ಸಿಗುತ್ತದೆ. ಒಟ್ಟು 9 ಮೇಜು, 36 ಕುರ್ಚಿ. ಇಡೀ ಹಾಲನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತಲೆಗೆ ಒಂದೂವರೆ ಚದರ ಮೀಟರ್.

ಈಗ ಮಾಲೀಕರು ಹೇಳಿದ ಮೂರು ಮೇಜು ಸೇರಿಸೋಣ. ಜಾಗ ಎಲ್ಲಿಂದ ಬರಬೇಕು? ಓಣಿಯಿಂದಲೇ. ನಡುವಿನ ಮೇಜುಗಳನ್ನು ಎರಡೆರಡಾಗಿ ಜೋಡಿಸಿದರೆ ನಾಲ್ಕು ಸಾಲುಗಳಾಗಿ 480 ಸೆಂ.ಮೀ. ಹೋಗುತ್ತದೆ, ಓಣಿಗಳು ತಲಾ 60 ಸೆಂ.ಮೀ.ಗೆ ಇಳಿಯುತ್ತವೆ. 12 ಮೇಜು, 48 ಕುರ್ಚಿ. ಕಾಗದದ ಮೇಲೆ ಇದು ಗೆಲುವು.

ನೆಲದ ಮೇಲೆ ಹಾಗಲ್ಲ. 60 ಸೆಂ.ಮೀ. ಓಣಿಯಲ್ಲಿ ಒಬ್ಬರು ನಡೆಯಬಹುದು, ಇಬ್ಬರು ಎದುರಾಗುವಂತಿಲ್ಲ. ಸಪ್ಲೈಯರ್ ಕೈಯಲ್ಲಿ ಬಿಸಿ ಸಾಂಬಾರಿನ ಬಕೆಟ್, ಎದುರಿಗೆ ಎಂಜಲು ಕೈ ಹಿಡಿದು ಬೇಸಿನ್ ಕಡೆ ಹೊರಟ ಗ್ರಾಹಕ. ಯಾರಾದರೊಬ್ಬರು ಹಿಂದೆ ಸರಿಯಬೇಕು. ಗಾಲಿಕುರ್ಚಿಯಂತೂ ಒಳಗೇ ಬಾರದು. ಅದಕ್ಕೆ ಕನಿಷ್ಠ 90 ಸೆಂ.ಮೀ. ಓಣಿ, ತಿರುಗಲು 150 ಸೆಂ.ಮೀ. ವ್ಯಾಸದ ಬಯಲು ಬೇಕು. 2011ರ ಜನಗಣತಿಯಲ್ಲಿ ನಮ್ಮ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಾರ್ವಜನಿಕರಿಗೆ ಸೇವೆ ನೀಡುವ ಖಾಸಗಿಯವರನ್ನೂ ಹೊಣೆಗಾರರನ್ನಾಗಿ ಮಾಡಿದೆ. ಕೋಲು ಹಿಡಿದು ನಡೆಯುವ ಅಜ್ಜ, ಕಂಕುಳಲ್ಲಿ ಮಗುವಿರುವ ತಾಯಿ, ಇವರಿಗೂ 60 ಸೆಂ.ಮೀ. ಸಾಲದು. ಅಡುಗೆಮನೆಯಲ್ಲಿ ಸಿಲಿಂಡರ್ ಹೊತ್ತಿಕೊಂಡ ದಿನ ಯಾರಿಗೂ ಸಾಲದು. ಆ ದಿನ 48 ಜನರೂ ಒಟ್ಟಿಗೆ ಎದ್ದು ಇದೇ ಓಣಿಗೆ ನುಗ್ಗುತ್ತಾರೆ, ಹಿಂದಕ್ಕೆ ತಳ್ಳಿದ ಕುರ್ಚಿಗಳೂ ಅಲ್ಲೇ ಬಿದ್ದಿರುತ್ತವೆ.

ಗ್ರಾಹಕರು ಒಂಟಿಯಾಗಿ ಬರುತ್ತಾರೆಯೇ, ಜೊತೆಯಾಗಿಯೇ?

ಇಷ್ಟಾದರೂ ಮಾಲೀಕರು ಒಪ್ಪಲಿಕ್ಕಿಲ್ಲ. ಓಣಿ ಕಿರಿದಾದರೂ ವ್ಯಾಪಾರ ಹೆಚ್ಚಿತಲ್ಲ ಎನ್ನಬಹುದು. ಆದ್ದರಿಂದ ವ್ಯಾಪಾರದ ಲೆಕ್ಕವನ್ನೇ ನೋಡೋಣ.

ಊಟದ ಹೊತ್ತಿನಲ್ಲಿ ಬರುವ 100 ತಂಡಗಳನ್ನು ಎಣಿಸಿದೆವೆನ್ನಿ. ಒಬ್ಬರೇ ಬಂದವರು 40, ಇಬ್ಬರ ಜೋಡಿ 35, ಮೂವರು ಬಂದದ್ದು 5, ನಾಲ್ವರು ಬಂದದ್ದು 20. ಇವು ನಾನು ಉದಾಹರಣೆಗೆಂದು ಇಟ್ಟುಕೊಂಡ ಅಂಕಿಗಳು. ಬಸ್ ನಿಲ್ದಾಣದ ಹೋಟೆಲಿಗೂ ಹೆದ್ದಾರಿಯ ಹೋಟೆಲಿಗೂ ಇವು ಬೇರೆಬೇರೆಯಾಗುತ್ತವೆ. ಒಟ್ಟು ಜನ 40 + 70 + 15 + 80 = 205. ಸರಾಸರಿ ತಂಡಕ್ಕೆ 2.05 ಜನ.

ಪ್ರತಿ ತಂಡವೂ ತನ್ನದೇ ಮೇಜು ಬಯಸಿದರೆ ಏನಾಗುತ್ತದೆ? 9 ಮೇಜು ಭರ್ತಿಯಾದಾಗ ಕುಳಿತಿರುವವರು 9 × 2.05, ಅಂದರೆ ಹದಿನೆಂಟು ಜನ. 36 ಕುರ್ಚಿಗಳಲ್ಲಿ ಅರ್ಧ ಖಾಲಿ! ನೀವು ಬಾಗಿಲಲ್ಲಿ ನಿಂತು ಕಂಡದ್ದು ಇದನ್ನೇ. ಇಕ್ಕಟ್ಟಿನ 12 ಮೇಜಿನ ಜೋಡಣೆಯಲ್ಲಿ 12 × 2.05, ಸುಮಾರು 25 ಜನ.

ಈಗ ಒಂದೂ ಕುರ್ಚಿ ಸೇರಿಸದೆ, ಮೊದಲಿನ 9 ಮೇಜುಗಳನ್ನು ನಡುವೆ ಕೊಯ್ದು 18 ಮಾಡಿ. ಪ್ರತಿಯೊಂದೂ 60 × 75 ಸೆಂ.ಮೀ., ಎದುರುಬದುರು ಇಬ್ಬರಿಗೆ. ಜೋಡಿ ಮೇಜುಗಳ ನಡುವೆ 15 ಸೆಂ.ಮೀ. ಸಂದು ಬಿಡಿ; ಅಷ್ಟು ಸಾಕು, ಜನ ಅವನ್ನು ಬೇರೆ ಮೇಜುಗಳೆಂದು ಒಪ್ಪುತ್ತಾರೆ. ನಾಲ್ವರು ಬಂದಾಗ ಎರಡನ್ನೂ ಸೇರಿಸಿದರಾಯಿತು. ಅಗಲದ ಲೆಕ್ಕ: 600ರಲ್ಲಿ 3 × 135 ಕಳೆದರೆ 195. ಎರಡು ಓಣಿಗೆ ತಲಾ 97 ಸೆಂ.ಮೀ.ಗೆ ಕಡಿಮೆಯಿಲ್ಲ. ಗಾಲಿಕುರ್ಚಿಯೂ ಬರುತ್ತದೆ.

ಒಬ್ಬರು ಅಥವಾ ಇಬ್ಬರ ತಂಡಕ್ಕೆ ಒಂದು ಪುಟ್ಟ ಮೇಜು, ಮೂವರು ಅಥವಾ ನಾಲ್ವರಿಗೆ ಎರಡು. 100 ತಂಡಗಳಿಗೆ 75 + 50 = 125 ಮೇಜು, ಸರಾಸರಿ ತಂಡಕ್ಕೆ 1.25. ಆದ್ದರಿಂದ 18 ಮೇಜುಗಳಲ್ಲಿ 14.4 ತಂಡ, ಅಂದರೆ ಇಪ್ಪತ್ತೊಂಬತ್ತು ಜನ. ಅಕ್ಕಪಕ್ಕದ ಜೋಡಿ ಮೇಜು ಒಟ್ಟಿಗೆ ಖಾಲಿಯಾಗದೆ ನಾಲ್ವರು ಕಾಯುವ ಸಂದರ್ಭಗಳಿರುವುದರಿಂದ ನಿಜಜೀವನದಲ್ಲಿ ಒಂದೆರಡು ಕಡಿಮೆಯಾಗಬಹುದು. ಆದರೂ 36 ಕುರ್ಚಿಗಳ ಹಾಲ್ 48 ಕುರ್ಚಿಗಳ ಹಾಲನ್ನು ಹಿಂದಿಕ್ಕಿತು.

ನಮ್ಮ ಹಳೆಯ ಹೋಟೆಲುಗಳು ಈ ಸಮಸ್ಯೆಯನ್ನು ಬಡಗಿಯ ನೆರವಿಲ್ಲದೆ ಬಿಡಿಸಿದ್ದವು ಎಂಬುದನ್ನು ಇಲ್ಲಿ ಹೇಳಲೇಬೇಕು. "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿ ಅಪರಿಚಿತರ ಎದುರು ಕುಳಿತುಕೊಳ್ಳುವುದು ನಮ್ಮಲ್ಲಿ ಸಹಜ. ಎಲ್ಲರೂ ಹೀಗೆ ಹಂಚಿಕೊಂಡರೆ ನಾಲ್ವರ ಮೇಜಿನಲ್ಲೂ ಕುರ್ಚಿ ವ್ಯರ್ಥವಾಗದು. ಆದರೆ ಒಂಟಿಯಾಗಿ ಬಂದ ಹೆಣ್ಣುಮಗಳಿಗೆ, ಮಕ್ಕಳೊಡನೆ ಬಂದವರಿಗೆ ಈ ಪದ್ಧತಿ ಮುಜುಗರವೆನಿಸಬಹುದು. 'ಫ್ಯಾಮಿಲಿ ರೂಮ್' ಹುಟ್ಟಿದ್ದು ಇದರಿಂದಲೇ ಇರಬೇಕು. ಪುಟ್ಟ ಮೇಜು ಆಯ್ಕೆಯನ್ನು ಕುಳಿತವರಿಗೇ ಬಿಡುತ್ತದೆ.

ಲಿಟ್ಲ್ ಅವರ ನಿಯಮ

ಕುಳಿತವರ ಸಂಖ್ಯೆಯಷ್ಟೇ ಮುಖ್ಯವಲ್ಲ, ಅವರು ಎಷ್ಟು ಹೊತ್ತು ಕುಳಿತರು ಎಂಬುದೂ ಮುಖ್ಯ. ಸಾಲುಗಳ ಗಣಿತದಲ್ಲಿ ಇದಕ್ಕೊಂದು ಸುಂದರವಾದ ಸೂತ್ರವಿದೆ. ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ್ದರಿಂದ ಅದಕ್ಕೆ ಅವರದೇ ಹೆಸರು:

ಒಳಗಿರುವವರ ಸರಾಸರಿ ಸಂಖ್ಯೆ = ಗಂಟೆಗೆ ಬರುವವರು × ಒಬ್ಬರು ಒಳಗೆ ಕಳೆಯುವ ಸರಾಸರಿ ಸಮಯ

ಸಮಯವನ್ನು ಗಂಟೆಗಳಲ್ಲಿ ಬರೆಯಬೇಕು. ಹೋಟೆಲು, ಬ್ಯಾಂಕು, ಆಸ್ಪತ್ರೆ, ಕೆರೆಯ ನೀರು, ಯಾವುದಕ್ಕೂ ಇದು ಅನ್ವಯಿಸುತ್ತದೆ. ಒಳಹರಿವು ಮತ್ತು ಹೊರಹರಿವು ಸಮನಾಗಿ ಸ್ಥಿರವಾಗಿದ್ದರೆ ಸಾಕು.

ಊಟಕ್ಕೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಮೊದಲ ಜೋಡಣೆಯಲ್ಲಿ ಗಂಟೆಗೆ 37 ಜನ ಉಂಡು ಹೋಗುತ್ತಾರೆ. ಪುಟ್ಟ ಮೇಜುಗಳಲ್ಲಿ 59. ಇಕ್ಕಟ್ಟಿನ 12 ಮೇಜುಗಳಲ್ಲಿ 49 ಆಗಬೇಕಿತ್ತು. ಆದರೆ ಓಣಿಯಲ್ಲಿ ಹಿಂದೆಮುಂದೆ ಸರಿಯುತ್ತ ಅನ್ನ ತಡವಾಗಿ, ಬಿಲ್ ತಡವಾಗಿ, ಮೇಜು ಒರೆಸುವುದು ತಡವಾಗಿ 30 ನಿಮಿಷ 36 ಆಯಿತೆನ್ನಿ. ಆಗ ಗಂಟೆಗೆ 41. ಹನ್ನೆರಡು ಹೊಸ ಕುರ್ಚಿ, ಮೂರು ಹೊಸ ಮೇಜು, ಅವುಗಳ ಸಾಲ. ಪ್ರತಿಫಲ ಗಂಟೆಗೆ ನಾಲ್ಕು ಊಟ! ಇವೆಲ್ಲಕ್ಕೂ ಒಂದು ಷರತ್ತಿದೆ: ಅಡುಗೆಮನೆ ಅಷ್ಟು ಊಟ ಬಡಿಸಿಕೊಡಬೇಕು. ಅದು ಗಂಟೆಗೆ ನಲವತ್ತೇ ತಟ್ಟೆ ಕೊಡಬಲ್ಲುದಾದರೆ ಯಾವ ಮೇಜೂ ನೆರವಿಗೆ ಬಾರದು.

ಸೂತ್ರದ ಇನ್ನೊಂದು ಮಗ್ಗುಲನ್ನು ಹಿಡಿದು ಹೊರಟವು ಬೆಂಗಳೂರಿನ ದರ್ಶಿನಿಗಳು. 1980ರ ದಶಕದಲ್ಲಿ ಮೊದಲಾದ ಇವು ಕುರ್ಚಿಯನ್ನೇ ತೆಗೆದುಹಾಕಿದವು. ನಿಂತು ಇಡ್ಲಿ ತಿಂದು ಕಾಫಿ ಕುಡಿಯಲು ಹತ್ತು ನಿಮಿಷ ಸಾಕೆಂದರೆ, ಒಳಗೆ 30 ಜನ ಇದ್ದರೂ ಗಂಟೆಗೆ 180 ಜನ. ಕುರ್ಚಿ ಇಲ್ಲದ್ದರಿಂದ ಜಾಗವೂ ಉಳಿಯಿತು, ಸಮಯವೂ ಉಳಿಯಿತು. ಮೇಜಿನ ಎತ್ತರ ಮಾತ್ರ ಬೇರೆ ಲೆಕ್ಕ. ನಿಂತವರ ಮೊಣಕೈ ನೆಲದಿಂದ ಹೆಚ್ಚುಕಡಿಮೆ ಅವರ ಎತ್ತರದ 0.63 ಪಾಲಿನಷ್ಟು ಮೇಲಿರುತ್ತದೆ. 165 ಸೆಂ.ಮೀ. ಎತ್ತರದವರಿಗೆ 104, 152 ಸೆಂ.ಮೀ. ಎತ್ತರದವರಿಗೆ 96 ಸೆಂ.ಮೀ. ಹೀಗಾಗಿ ಒಂದು ಮೀಟರ್ ಆಸುಪಾಸಿನ ಮೇಜು ಹೆಚ್ಚಿನವರಿಗೆ ಹೊಂದುತ್ತದೆ. ಮಕ್ಕಳಿಗೆ, ಮಂಡಿನೋವಿನ ಹಿರಿಯರಿಗೆ ಇದು ಹೊಂದದು. ಗೋಡೆಗುಂಟ ನಾಲ್ಕಾರು ಆಸನಗಳನ್ನು ಉಳಿಸಿಕೊಂಡ ದರ್ಶಿನಿಗಳು ಜಾಣರು.

ಬೇಸಿನ್ ಮುಂದಿನ ಸಾಲು

ಪಾಶ್ಚಾತ್ಯ ವಿನ್ಯಾಸ ಪುಸ್ತಕಗಳನ್ನು ನಂಬಿ ಹೋಟೆಲು ಕಟ್ಟುವವರು ಇಲ್ಲಿ ಎಡವುತ್ತಾರೆ. ನಾವು ಕೈಯಲ್ಲಿ ಉಣ್ಣುವವರು. ಉಣ್ಣುವ ಮೊದಲೊಮ್ಮೆ, ಉಂಡ ಮೇಲೊಮ್ಮೆ ಕೈ ತೊಳೆಯುತ್ತೇವೆ. ಗಂಟೆಗೆ 59 ಜನ, ತಲಾ ಎರಡು ಸಲ, ಸಲಕ್ಕೆ 30 ಸೆಕೆಂಡ್ ಎಂದರೆ 3,540 ಸೆಕೆಂಡ್. ಗಂಟೆಯಲ್ಲಿರುವುದೇ 3,600. ಒಂದೇ ಬೇಸಿನ್ ಇದ್ದರೆ ಅದು ಶೇ. 98ರಷ್ಟು ಹೊತ್ತು ದುಡಿಯಬೇಕು.

ಸಾಕಲ್ಲ, ಇನ್ನೂ ಶೇ. 2 ಬಿಡುವಿದೆ ಎನ್ನುವಿರಾ? ಜನ ಗಡಿಯಾರದಂತೆ ಬರುವುದಿಲ್ಲ. ಒಮ್ಮೆ ಯಾರೂ ಇಲ್ಲ, ಒಮ್ಮೆ ಐವರು ಒಟ್ಟಿಗೆ. ಹೀಗೆ ಯಾದೃಚ್ಛಿಕವಾಗಿ ಬರುವವರ ಸಾಲನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಮೊದಲಿಗರು ಡೆನ್ಮಾರ್ಕಿನ ಎ. ಕೆ. ಅರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1909ರಲ್ಲಿ ಕರೆಗಳ ದಟ್ಟಣೆ ಕುರಿತು ಬರೆದರು. ಅವರಿಂದ ಬೆಳೆದ ಸಿದ್ಧಾಂತದ ಅತಿ ಸರಳ ರೂಪದಲ್ಲಿ, ಬೇಸಿನ್ ದುಡಿಯುವ ಪಾಲನ್ನು ಅದರ ಬಿಡುವಿನ ಪಾಲಿನಿಂದ ಭಾಗಿಸಿದರೆ ಅಲ್ಲಿರುವ ಸರಾಸರಿ ಜನಸಂಖ್ಯೆ ಸಿಗುತ್ತದೆ. ಶೇ. 50 ದುಡಿದರೆ 1. ಶೇ. 80ಕ್ಕೆ 4. ಶೇ. 90ಕ್ಕೆ 9. ಶೇ. 98ಕ್ಕೆ 49! ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಸಾಲು ಅಷ್ಟುದ್ದ ಬೆಳೆಯಲು ಸಮಯವಿರುವುದಿಲ್ಲ, ಆದರೆ ದಿಕ್ಕು ಅದೇ. ಆ ಸಾಲು ನಿಲ್ಲುವುದು ಸಪ್ಲೈಯರ್‌ಗಳು ಅಡುಗೆಮನೆಗೆ ಹೋಗಿಬರುವ ದಾರಿಯಲ್ಲಿ. ಮೇಜು ಸರಿಪಡಿಸಿದ ಕೂಡಲೇ ಅಡಚಣೆ ಬೇಸಿನ್‌ಗೆ ವರ್ಗವಾಯಿತು ನೋಡಿ. ಇನ್ನೊಂದು ಬೇಸಿನ್ ಇಟ್ಟರೆ ಎರಡೂ ಅರ್ಧರ್ಧ ಹೊತ್ತು ದುಡಿಯುತ್ತವೆ, ಸಾಲು ಹೆಚ್ಚುಕಡಿಮೆ ಮಾಯ. ಮೂರು ಮೇಜಿನ ಹಣಕ್ಕಿಂತ ಇದಕ್ಕೆ ಕಡಿಮೆಯೇ ಸಾಕಾಗಬಹುದು. ಬೇಸಿನ್ ಮುಂದಿನ ನೆಲಕ್ಕೆ ನುಣುಪಾದ ಗ್ರಾನೈಟ್ ಬೇಡ; ನೀರು ಬಿದ್ದಾಗ ಘರ್ಷಣೆ ಕುಸಿಯುತ್ತದೆ, ಒರಟು ಮೈಯ ಕಲ್ಲೇ ಲೇಸು.

ಸದ್ದು

ಕೆಲವು ಹೋಟೆಲುಗಳಲ್ಲಿ ಎದುರಿಗಿದ್ದವರ ಮಾತೂ ಕೇಳಿಸದು. ಜನ ಹೆಚ್ಚಿದ್ದಾರೆ ಎಂಬುದಷ್ಟೇ ಕಾರಣವಲ್ಲ. ಹಾರ್ವರ್ಡಿನ ವ್ಯಾಲೇಸ್ ಸಬೀನ್ 1895ರಲ್ಲಿ ಮಾತು ತಿಳಿಯದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸಕ್ಕೆ ಕೈಹಾಕಿದರು. ರಾತ್ರಿ ಹೊತ್ತು ಸಮೀಪದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸಿ, ಸದ್ದು ಅಡಗಲು ಎಷ್ಟು ಸಮಯ ಹಿಡಿಯುತ್ತದೆಂದು ಅಳೆದರು. ಅವರು ಕಂಡುಕೊಂಡದ್ದು: ಅನುರಣನ ಕಾಲ = 0.161 × ಕೊಠಡಿಯ ಘನಗಾತ್ರ ÷ ಒಟ್ಟು ಹೀರಿಕೆ. ಒಂದು ಚದರ ಮೀಟರ್ ತೆರೆದ ಕಿಟಕಿ ಹೀರಿಕೆಯ ಒಂದು ಮಾನ, ಏಕೆಂದರೆ ಅದರ ಮೂಲಕ ಹೊರಟ ಸದ್ದು ಹಿಂದಿರುಗುವುದಿಲ್ಲ.

ನಮ್ಮ ಹಾಲ್ 3.5 ಮೀಟರ್ ಎತ್ತರವಿದ್ದರೆ ಘನಗಾತ್ರ 189 ಘನ ಮೀಟರ್. ಗ್ರಾನೈಟ್, ಟೈಲ್ಸ್, ಗಾರೆ ಇವೆಲ್ಲ ಶೇ. 2ರಷ್ಟು ಮಾತ್ರ ಹೀರುತ್ತವೆ ಎನ್ನೋಣ. 6 ಚದರ ಮೀಟರ್ ತೆರೆದ ಬಾಗಿಲು-ಕಿಟಕಿ ಸೇರಿದರೆ ಒಟ್ಟು ಹೀರಿಕೆ ಸುಮಾರು 10, ಅನುರಣನ 3 ಸೆಕೆಂಡ್. ತಲಾ 0.4ರಂತೆ 24 ಜನ ಬಂದು ಕುಳಿತರೆ 1.5 ಸೆಕೆಂಡ್. ಆಗಲೂ ಒಂದು ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಛಾವಣಿಗೆ ಶೇ. 60 ಹೀರುವ ನಾರಿನ ಹಲಗೆ ಹೊಂದಿಸಿದರೆ 0.6 ಸೆಕೆಂಡ್‌ಗೆ ಇಳಿಯುತ್ತದೆ. ಗೋಡೆಗಿಂತ ಛಾವಣಿಯೇ ಇದಕ್ಕೆ ಸೂಕ್ತ: ಎಣ್ಣೆಕೈ ಅಲ್ಲಿಗೆ ಮುಟ್ಟದು. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದರು. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಮೇಜುಗಳು ಹತ್ತಿರವಾದಷ್ಟೂ ಈ ಪೈಪೋಟಿ ಜೋರು.

ಅಲುಗಾಡುವ ಮೇಜು

ಇದೊಂದು ಅಡ್ಡಮಾತು, ಆದರೆ ಗಣಿತದ ಮೇಷ್ಟರಿಗೆ ಇಷ್ಟವಾದೀತು. ನಾಲ್ಕೂ ಕಾಲು ಸಮನಾಗಿರುವ ಚೌಕ ಮೇಜು ಅಲುಗಾಡಿದರೆ ದೋಷ ನೆಲದ್ದು. ಕಾಗದ ಮಡಿಸಿ ಕಾಲಿನಡಿ ಇಡುವ ಬದಲು ಮೇಜನ್ನು ನಿಂತಲ್ಲೇ ನಿಧಾನವಾಗಿ ತಿರುಗಿಸಿ. ಕಾಲು ಸುತ್ತು ತಿರುಗುವುದರೊಳಗೆ ಎಲ್ಲೋ ಒಂದೆಡೆ ನಾಲ್ಕೂ ಕಾಲುಗಳು ನೆಲ ಮುಟ್ಟುತ್ತವೆ. ಕಾರಣ: ಕಾಲು ಸುತ್ತಿನ ಕೊನೆಗೆ ಎರಡು ಕರ್ಣಗಳ ಕಾಲುಗಳು ಸ್ಥಾನ ಅದಲುಬದಲು ಮಾಡಿಕೊಳ್ಳುತ್ತವೆ. ಮೊದಲು ಧನವಾಗಿದ್ದ ಎತ್ತರದ ವ್ಯತ್ಯಾಸ ಕೊನೆಗೆ ಋಣವಾಗುತ್ತದೆ. ನೆಲದಲ್ಲಿ ಮೆಟ್ಟಿಲಿನಂಥ ಜಿಗಿತವಿಲ್ಲದಿದ್ದರೆ ನಡುವೆ ಎಲ್ಲೋ ಅದು ಸೊನ್ನೆಯಾಗಲೇಬೇಕು. ಹೋಟೆಲಿನಲ್ಲಿ ಮಾತ್ರ ಈ ಉಪಾಯ ನಡೆಯದು, ತಿರುಗಿದ ಮೇಜು ಓಣಿಗೆ ಅಡ್ಡ ಬರುತ್ತದೆ. ಅಲ್ಲಿಗೆ ತಿರುಪು ಇರುವ ಪಾದಗಳೇ ಸರಿ. ಪುಟ್ಟ ಮೇಜುಗಳನ್ನು ಜೋಡಿಸುವಾಗ ಎರಡರ ಎತ್ತರ ಸಮವಾಗಲೂ ಅವು ಬೇಕು.

ತರಗತಿಯಲ್ಲಿ ಮಾಡಿ ನೋಡಿ

ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 50 ಸೆಂ.ಮೀ. ಪ್ರಮಾಣದಲ್ಲಿ ಹಾಲ್ ಬರೆಯಿರಿ: 18 × 12 ಸೆಂ.ಮೀ. ನಾಲ್ವರ ಮೇಜಿಗೆ 24 × 15 ಮಿ.ಮೀ. ರಟ್ಟು, ಪುಟ್ಟ ಮೇಜಿಗೆ 12 × 15 ಮಿ.ಮೀ. ರಟ್ಟು ಕತ್ತರಿಸಿ. ಕುರ್ಚಿಯನ್ನು 9 ಮಿ.ಮೀ. ಚೌಕವಾಗಿಸಿ, ಯಾರೋ ಕುಳಿತಿರುವಂತೆ ಮೇಜಿನಿಂದ ಹೊರಗೇ ಇಡಿ. ಮೇಜಿನಡಿ ತಳ್ಳಿದ ಕುರ್ಚಿಯನ್ನು ಬರೆಯುವುದೇ ಎಲ್ಲ ನಕ್ಷೆಗಳ ಮೊದಲ ತಪ್ಪು. 18 ಮಿ.ಮೀ. ಅಗಲದ ರಟ್ಟಿನ ಪಟ್ಟಿಯೊಂದನ್ನು ಗಾಲಿಕುರ್ಚಿಯೆಂದು ಬಾಗಿಲಿನಿಂದ ಬೇಸಿನ್‌ವರೆಗೆ ಜಾರಿಸಿ ನೋಡಿ. ಅದು ಎಲ್ಲಿ ಸಿಕ್ಕಿಕೊಂಡಿತು?

ಆಮೇಲೆ ಊರಿನ ಹೋಟೆಲಿಗೆ ಹೋಗಿ, ಮಾಲೀಕರ ಒಪ್ಪಿಗೆ ಪಡೆದು, ಒಂದು ಗಂಟೆ ಕಾಲ ಬಂದ ತಂಡಗಳಲ್ಲಿ ಎಷ್ಟೆಷ್ಟು ಜನರಿದ್ದರೆಂದು ಗೀಟು ಹಾಕಿ. ಐದಾರು ತಂಡಗಳು ಒಳಬಂದ, ಹೊರಹೋದ ಹೊತ್ತನ್ನು ಗುರುತಿಸಿ. ಕೈತೊಳೆಯುವ ಸಮಯವನ್ನೂ ಅಳೆಯಿರಿ. ನನ್ನ 30 ಸೆಕೆಂಡ್ ನಿಮ್ಮೂರಿನಲ್ಲಿ 20 ಇರಬಹುದು, 45 ಇರಬಹುದು. ಅದನ್ನು ಇಟ್ಟುಕೊಂಡು ಮೇಲಿನ ಲೆಕ್ಕಗಳನ್ನೆಲ್ಲ ಹೊಸದಾಗಿ ಮಾಡಿ, ಉತ್ತರವನ್ನು ಗಲ್ಲಾದಲ್ಲಿರುವವರಿಗೂ ತೋರಿಸಿ. ಮಧ್ಯಾಹ್ನ ಒಂದರಿಂದ ಎರಡರವರೆಗಿನ ಗಂಟೆಯನ್ನೇ ಆರಿಸಿಕೊಳ್ಳಿ, ಆದರೆ ನೀವು ಮಾತ್ರ ಹನ್ನೆರಡಕ್ಕೇ ಉಂಡು ಹೋಗಿರಿ. ಎಣಿಸಲು ಹೋದವರೇ ಒಂದು ಮೇಜು ಹಿಡಿದು ಕುಳಿತರೆ ಅವರ ಲೆಕ್ಕ ಕೆಡುತ್ತದೆ.